ಬರೆಯಲು ಬಿಟ್ಟ ಜಾಗ: ಜಪಾನಿನ ಚಿತ್ರದ ಕಾರ್ಡುಗಳು

ಎಲ್ಲರಿಗೂ ನಮಸ್ಕಾರ.

ಮೊದಲು ಅಳತೆ ಹೇಳಿಬಿಡುತ್ತೇನೆ. ಇವತ್ತಿನ ಮಾತೆಲ್ಲ ಸುಮಾರು 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಒಂದು ದಪ್ಪ ಕಾಗದದ ಬಗ್ಗೆ. ಅದನ್ನು ಜಪಾನಿನ ಈ ತುದಿಯಿಂದ ಆ ತುದಿಗೆ ಕಳಿಸಲು ಒಂದೂವರೆ ಸೆನ್ ಸಾಕಿತ್ತು. ಸೆನ್ ಎಂದರೆ ಯೆನ್‌ನ ನೂರನೇ ಒಂದು ಪಾಲು. 1900ರಿಂದ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಜಪಾನಿನ ಒಳ್ಳೊಳ್ಳೆಯ ಕಲಾವಿದರು ಈ ಕಾಗದದ ಮೇಲೆ ಚಿತ್ರ ಬರೆದರು. ಜನ ಮುಗಿಬಿದ್ದು ಕೊಂಡರು, ಗೆಳೆಯರಿಗೆ ಕಳಿಸಿದರು, ಆಲ್ಬಂ ಮಾಡಿ ಇಟ್ಟುಕೊಂಡರು. ಜಪಾನಿನವರು ಇದನ್ನು ಎಹಗಾಕಿ ಎನ್ನುತ್ತಾರೆ, ಅಂದರೆ ಚಿತ್ರದ ಅಂಚೆ ಕಾರ್ಡು.

ಇವನ್ನು ಪುಟ್ಟ ಪೇಂಟಿಂಗ್ ಎಂದುಕೊಂಡು ನೋಡಿದರೆ ಅರ್ಧ ವಿಷಯ ಕೈತಪ್ಪುತ್ತದೆ. ಪೇಂಟಿಂಗ್ ಮೇಲೆ ನೋಡುವವನು ಪೆನ್ನು ಆಡಿಸಿದರೆ ಪೊಲೀಸರು ಬರುತ್ತಾರೆ. ಆದರೆ ಈ ಕಲಾವಿದರಿಗೆ ಮೊದಲೇ ಗೊತ್ತಿತ್ತು, ತಮ್ಮ ಚಿತ್ರದ ಮೇಲೆ ಗುರುತಿಲ್ಲದ ಯಾರೋ ಒಬ್ಬರು ನಾಲ್ಕು ಸಾಲು ಗೀಚುತ್ತಾರೆ ಎಂದು. ಅದನ್ನು ತಿಳಿದೇ ಅವರು ಕುಂಚ ಹಿಡಿದರು. ನನ್ನ ಪ್ರಕಾರ ಈ ಕಲೆಯ ಗುಟ್ಟು ಇರುವುದು ಅಲ್ಲೇ.

ಇದರ ಹಿಂದೆ ಇದ್ದದ್ದು ಒಂದು ಅಂಚೆ ನಿಯಮ. ಜಪಾನಿನಲ್ಲಿ ಹೊಸ ಅಂಚೆ ವ್ಯವಸ್ಥೆ ಶುರುವಾದದ್ದು 1871ರಲ್ಲಿ. ಎರಡು ವರ್ಷದ ನಂತರ ಸರ್ಕಾರಿ ಕಾರ್ಡು ಬಂತು. ಸಾದಾ ಕಾರ್ಡು, ಚಿತ್ರಗಿತ್ರ ಏನೂ ಇಲ್ಲ. ಖಾಸಗಿಯವರು ತಾವೇ ಕಾರ್ಡು ಅಚ್ಚು ಹಾಕಿ ಮಾರಬಹುದು ಎಂದು ಒಪ್ಪಿಗೆ ಸಿಕ್ಕಿದ್ದು 1900ರ ಅಕ್ಟೋಬರ್‌ನಲ್ಲಿ. ಆದರೆ ಒಂದು ಷರತ್ತು ಇತ್ತು. ಕಾರ್ಡಿನ ಒಂದು ಮುಖ ಪೂರ್ತಿ ವಿಳಾಸಕ್ಕೇ ಮೀಸಲು. ಅಲ್ಲಿ ಒಂದಕ್ಷರ ಕುಶಲ ಸಮಾಚಾರವನ್ನೂ ಬರೆಯುವಂತಿಲ್ಲ. ಹಾಗಾದರೆ ಬರೆಯುವುದು ಎಲ್ಲಿ? ಚಿತ್ರ ಇರುವ ಕಡೆಯೇ!

ಹಾಗಾಗಿ ಕಲಾವಿದ ಜಾಗ ಬಿಡಲೇಬೇಕಾಯಿತು. ಆ ಮೊದಲ ವರ್ಷಗಳ ಕಾರ್ಡುಗಳನ್ನು ಗಮನಿಸಿ. ಚಿತ್ರ ಒಂದು ಮೂಲೆಗೆ ಸರಿದಿರುತ್ತದೆ. ಕೆಳಗಿನಿಂದ ಎರಡು ಐರಿಸ್ ಹೂವು ತಲೆ ಎತ್ತಿರುತ್ತವೆ, ಮೇಲೆಲ್ಲ ಬರೀ ಬಿಳಿ. ಬೀಸಣಿಗೆಯ ಆಕಾರದ ಚೌಕಟ್ಟಿನೊಳಗೆ ಒಂದು ಹೆಣ್ಣಿನ ಮುಖ, ಸುತ್ತ ಖಾಲಿ. ಹಿಮದ ಬಯಲು ಬರೆದರೆ ಇನ್ನೂ ಸುಲಭ. ಮುಕ್ಕಾಲು ಕಾರ್ಡು ಹಾಗೇ ಬಿಟ್ಟು, ತುದಿಯಲ್ಲಿ ಒಂದು ಕೊಡೆ ತೋರಿಸಿದರಾಯಿತು. ಅಂಚೆ ಇಲಾಖೆಯವರು ಗೊತ್ತಿಲ್ಲದೇ ಒಂದು ಕಲಾಶಾಲೆ ನಡೆಸಿದರು ಎಂದು ನಾನು ತಮಾಷೆಗೆ ಹೇಳುವುದುಂಟು.

ಜಪಾನಿನವರಿಗೆ ಇದು ಕಷ್ಟವಾಗಲಿಲ್ಲ. ಚಿತ್ರವೂ ಕೈಬರಹವೂ ಒಂದೇ ಹಾಳೆಯಲ್ಲಿ ಬಾಳುವುದು ಅಲ್ಲಿ ಹಳೆಯ ರೂಢಿ. ಸುರಿಮೊನೊ ಎಂಬ ಮರದಚ್ಚಿನ ಹಾಳೆಗಳು ನೂರು ವರ್ಷ ಮೊದಲೇ ಇದ್ದವು. ಕವಿಗಳ ಕೂಟಗಳು ಹೊಸ ವರ್ಷಕ್ಕೆ ತಮ್ಮ ಪದ್ಯದ ಜೊತೆ ಚಿತ್ರ ಅಚ್ಚು ಹಾಕಿಸಿ ಹಂಚುತ್ತಿದ್ದವು. ಅಲ್ಲಿಯೂ ಇದೇ ಲೆಕ್ಕ, ಚಿತ್ರಕ್ಕೆ ಇಷ್ಟು, ಪದ್ಯಕ್ಕೆ ಇಷ್ಟು ಎಂದು. ಒಂದೇ ವ್ಯತ್ಯಾಸ. ಸುರಿಮೊನೊದಲ್ಲಿ ಪದ್ಯ ಮೊದಲೇ ಗೊತ್ತಿರುತ್ತಿತ್ತು. ಕಾರ್ಡಿನಲ್ಲಿ ಏನು ಬಂದು ಕೂರುತ್ತದೋ ಕಲಾವಿದನಿಗೆ ಗೊತ್ತಿಲ್ಲ. ಸಾವಿನ ಸುದ್ದಿಯೂ ಬರಬಹುದು, ಬಾಕಿ ಹಣದ ನೆನಪೂ ಬರಬಹುದು.

ಈಗ ಸ್ವಲ್ಪ ಕಹಿ ವಿಷಯ. ಈ ಹುಚ್ಚು ದೇಶಕ್ಕೆಲ್ಲ ಹಬ್ಬಿಸಿದ್ದು ಯುದ್ಧ. 1904ರ ಫೆಬ್ರವರಿಯಲ್ಲಿ ರಷ್ಯಾ ಜೊತೆ ಯುದ್ಧ ಶುರುವಾಯಿತು. ಅಂಚೆ ನೋಡಿಕೊಳ್ಳುತ್ತಿದ್ದ ಸಚಿವಾಲಯವೇ ಯುದ್ಧದ ನೆನಪಿನ ಕಾರ್ಡುಗಳನ್ನು ಹೊರತಂದಿತು. ಅಂಚೆ ಕಚೇರಿಗಳ ಮುಂದೆ ಜನ ಸಾಲುಗಟ್ಟಿದರು. ಹತ್ತು ವರ್ಷ ಹಿಂದೆ ಚೀನಾ ಜೊತೆ ಯುದ್ಧವಾದಾಗ ಜನ ಕೊಂಡದ್ದು ಬಣ್ಣದ ಮರದಚ್ಚಿನ ದೊಡ್ಡ ಚಿತ್ರಗಳನ್ನು. ಈ ಸಲ ಆ ಜಾಗವನ್ನು ಫೋಟೋ ಮತ್ತು ಕಾರ್ಡು ಹಿಡಿದವು. ಮರ ಕೆತ್ತುತ್ತಿದ್ದ, ಅಚ್ಚು ಒತ್ತುತ್ತಿದ್ದ ಕುಶಲಕರ್ಮಿಗಳಿಗೆ ಕೆಲಸ ಕಮ್ಮಿಯಾಗಿತ್ತು. ಅವರಲ್ಲಿ ಕೆಲವರಿಗೆ ಕಾರ್ಡೇ ಅನ್ನ ಕೊಟ್ಟಿತು. ಯುದ್ಧದ ಕಾರ್ಡುಗಳಲ್ಲಿ ಕೆಲವು ಚೆನ್ನಾಗಿವೆ, ಸುಳ್ಳು ಹೇಳುವುದು ಬೇಡ. ಕಪ್ಪು ಸಮುದ್ರ, ಅದರ ಮೇಲೆ ಸರ್ಚ್‌ಲೈಟಿನ ಒಂದು ಬಿಳಿ ಗೀಟು, ಅಷ್ಟೇ. ಹಡಗಿನಲ್ಲಿ ಸಾಯುತ್ತಿದ್ದವರು ಮಾತ್ರ ಚಿತ್ರದಲ್ಲಿ ಇಲ್ಲ. ಎಷ್ಟು ಸುಂದರ ಎಂದು ಹೇಳುವಾಗ ಇದನ್ನೂ ಹೇಳಬೇಕು ಅಲ್ವಾ?

ಈ ಹುಚ್ಚು ಸಾಹಿತ್ಯಕ್ಕೂ ತಟ್ಟಿತು. ಜಪಾನಿನ ಲೇಖಕ ನಾತ್ಸುಮೆ ಸೊಸೆಕಿಯ ಬೆಕ್ಕಿನ ಕಾದಂಬರಿ, ಅಂದರೆ ಮನೆಯ ಬೆಕ್ಕೇ ಕಥೆ ಹೇಳುವ ಕಾದಂಬರಿ, 1905ರ ಜನವರಿಯಲ್ಲಿ ಪತ್ರಿಕೆಯಲ್ಲಿ ಶುರುವಾಯಿತು. ಅದರ ಎರಡನೇ ಅಧ್ಯಾಯ ತೆರೆಯುವುದೇ ಒಂದು ಚಿತ್ರದ ಕಾರ್ಡಿನಿಂದ. ಹೊಸ ವರ್ಷಕ್ಕೆ ಚಿತ್ರಕಾರ ಗೆಳೆಯನೊಬ್ಬ ಕಳಿಸಿದ್ದು. ಮೇಲೆ ಕೆಂಪು, ಕೆಳಗೆ ಕಡು ಹಸಿರು, ನಡುವೆ ಮುದುರಿ ಕೂತ ಒಂದು ಪ್ರಾಣಿ. ಮನೆಯ ಯಜಮಾನ ಅದನ್ನು ಅಡ್ಡ ಹಿಡಿಯುತ್ತಾನೆ, ಉದ್ದ ಹಿಡಿಯುತ್ತಾನೆ, ಮೂಗಿನ ಹತ್ತಿರ ತರುತ್ತಾನೆ. ಏನೆಂದು ತಿಳಿಯುವುದಿಲ್ಲ. ಅದು ಅವನ ಮಡಿಲಲ್ಲೇ ಕೂತ ಬೆಕ್ಕಿನ ಚಿತ್ರ!

ಸೊಸೆಕಿ ಸುಮ್ನೆ ಊಹಿಸಿ ಬರೆದದ್ದಲ್ಲ. ಅವರಿಗೇ ಕಾರ್ಡಿನ ಮೇಲೆ ಜಲವರ್ಣದಲ್ಲಿ ಚಿತ್ರ ಬರೆದು ಕಳಿಸುವ ಚಟ ಇತ್ತು. ಹಾಶಿಗುಚಿ ಮಿತ್ಸುಗು ಎಂಬ ಹಳೆಯ ಶಿಷ್ಯನ ಜೊತೆ ಇಂಥ ಕಾರ್ಡುಗಳ ವಿನಿಮಯ ನಡೆಯುತ್ತಿತ್ತು. ಆ ಮಿತ್ಸುಗುವಿನ ತಮ್ಮನೇ ಹಾಶಿಗುಚಿ ಗೊಯೊ. ಪರಿಚಯ ಬೆಳೆದು, ಬೆಕ್ಕಿನ ಕಾದಂಬರಿ ಪುಸ್ತಕವಾದಾಗ ಅದರ ವಿನ್ಯಾಸ ಗೊಯೊ ಮಾಡಿದರು. ಅದೇ ಗೊಯೊ 1911ರಲ್ಲಿ ಮಿತ್ಸುಕೋಶಿ ಡಿಪಾರ್ಟ್‌ಮೆಂಟ್ ಸ್ಟೋರಿನ ಪೋಸ್ಟರ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದರು. ಮುಂದೆ ಹೆಂಗಸರ ಮರದಚ್ಚಿನ ಚಿತ್ರಗಳಿಂದ ದೊಡ್ಡ ಹೆಸರು ಮಾಡಿದರು. ಅಣ್ಣನಿಗೆ ಬರುತ್ತಿದ್ದ ಕಾರ್ಡುಗಳು ತಮ್ಮನ ದಾರಿ ತೆರೆದವು ಎಂದರೆ ತಪ್ಪಾಗದು.

ಇನ್ನು 1907. ಈ ವರ್ಷವನ್ನು ನೆನಪಿಡಿ. ಆ ವರ್ಷ ಅಂಚೆ ನಿಯಮ ಬದಲಾಯಿತು. ವಿಳಾಸದ ಮುಖದಲ್ಲಿ ಮೂರನೇ ಒಂದು ಭಾಗವನ್ನು ಗೆರೆ ಎಳೆದು ಬೇರೆ ಮಾಡಿ, ಅಲ್ಲಿ ಸಮಾಚಾರ ಬರೆಯಬಹುದು ಎಂದರು. ಅದೇ ವರ್ಷ ಸರ್ಕಾರದ ಶಿಕ್ಷಣ ಸಚಿವಾಲಯ ಬುಂತೆನ್ ಎಂಬ ದೊಡ್ಡ ಕಲಾ ಪ್ರದರ್ಶನ ಶುರು ಮಾಡಿತು. ಯಾವುದು ಗಂಭೀರ ಕಲೆ ಎಂದು ತೀರ್ಮಾನ ಮಾಡುವ ಜಾಗ ಅದು. ಕಾರ್ಡಿಗೆ ಅಲ್ಲಿ ಗೋಡೆ ಸಿಗಲಿಲ್ಲ. ಮತ್ತೆ ಅದೇ ವರ್ಷ ಒಸಾಕಾದಲ್ಲಿ ಮಿಯಾತಾಕೆ ಗಾಯ್ಕೊತ್ಸು ಎಂಬ ತುಂಟ ಪತ್ರಕರ್ತ ಬರೀ ಚಿತ್ರದ ಕಾರ್ಡುಗಳದ್ದೇ ಒಂದು ಪತ್ರಿಕೆ ಹೊರತಂದ. ಎಹಗಾಕಿ ಸೆಕಾಯ್, ಅಂದರೆ ಕಾರ್ಡುಗಳ ಲೋಕ. ಪುಟ ಬಿಡಿಸಿದರೆ ಕಾರ್ಡು.

ಗಾಯ್ಕೊತ್ಸು ಸಾಮಾನ್ಯ ಆಸಾಮಿ ಅಲ್ಲ. 1889ರಲ್ಲಿ ಚಕ್ರವರ್ತಿ ಸಂವಿಧಾನ ಕೊಡುವ ದೃಶ್ಯವನ್ನು ಅಣಕಿಸಿ, ಚಕ್ರವರ್ತಿಯ ಜಾಗದಲ್ಲಿ ಅಸ್ಥಿಪಂಜರ ಬರೆಸಿ ಮೂರು ವರ್ಷ ಜೈಲು ಕಂಡವನು. ಅವನ ಕಾರ್ಡುಗಳಲ್ಲಿ ನಾಜೂಕು ಕಮ್ಮಿ, ಕುಚೋದ್ಯ ಜಾಸ್ತಿ. ಕಲೆ ಎಂದರೆ ಬರೀ ಹೂವು, ಚಂದ್ರ, ನಾಚುವ ಹುಡುಗಿ ಎಂದುಕೊಂಡವರಿಗೆ ಇವನ್ನು ತೋರಿಸಬೇಕು. ನನಗೆ ಬುಂತೆನ್‌ನ ಎಷ್ಟೋ ದೊಡ್ಡ ಕ್ಯಾನ್ವಾಸುಗಳಿಗಿಂತ ಇವೇ ಇಷ್ಟ.

ಬುಂತೆನ್‌ನ ಹೊರಗೇ ಬೆಳೆದ ಇನ್ನೊಬ್ಬರು ಚಿತ್ರಕಾರ ತಾಕೆಹಿಸಾ ಯುಮೆಜಿ. ಕಲಾಶಾಲೆಯಲ್ಲಿ ಕಲಿತವರಲ್ಲ. 1906ರಲ್ಲಿ ಟೋಕಿಯೊದ ವಾಸೆದಾದಲ್ಲಿ ತಾಮಾಕಿ ಎಂಬ ಹೆಂಗಸು ಚಿತ್ರದ ಕಾರ್ಡಿನ ಅಂಗಡಿ ತೆರೆದಳು. ಯುಮೆಜಿ ಆ ಅಂಗಡಿಗೆ ಗಿರಾಕಿಯಾಗಿ ಹೋದರು. ಮರುವರ್ಷವೇ ಅವಳನ್ನು ಮದುವೆಯಾದರು. ಎರಡು ವರ್ಷಕ್ಕೆ ವಿಚ್ಛೇದನವೂ ಆಯಿತು. ಅಷ್ಟಾದರೂ ಅವರ ಚಿತ್ರಗಳಲ್ಲಿ ಬರುವ ದೊಡ್ಡ ಕಣ್ಣಿನ, ಸ್ವಲ್ಪ ಬಾಗಿದ ಹೆಣ್ಣು ಅವಳಿಂದಲೇ ಬಂದವಳು. 1914ರಲ್ಲಿ ಟೋಕಿಯೊದ ನಿಹೊನ್‌ಬಾಶಿಯಲ್ಲಿ ಯುಮೆಜಿ ಮಿನಾತೊಯಾ ಎಂಬ ಅಂಗಡಿ ತೆರೆದಾಗ ಗಲ್ಲಾದಲ್ಲಿ ಕೂತವಳೂ ತಾಮಾಕಿಯೇ. ಅಲ್ಲಿ ಕಾರ್ಡು, ಲಕೋಟೆ, ಬಣ್ಣದ ಕಾಗದ ಎಲ್ಲ ಯುಮೆಜಿಯ ಕೈಯವು. ಗ್ಯಾಲರಿಗೆ ಕಾಲಿಡದ ಹುಡುಗಿಯರೂ ಇಲ್ಲಿ ಒಂದು ಚಿತ್ರ ಕೊಂಡು ಹೋಗಬಹುದಿತ್ತು.

ಪ್ಯಾರಿಸಿನ ಪ್ರಭಾವದ ಬಗ್ಗೆ ಎಲ್ಲರೂ ಉದ್ದುದ್ದ ಹೇಳುತ್ತಾರೆ. ನಾನು ಚಿಕ್ಕದಾಗಿ ಮುಗಿಸುತ್ತೇನೆ. ಜಪಾನಿನ ಹಳೆಯ ಕಲಾವಿದರಾದ ಹೊಕುಸಾಯ್, ಹಿರೊಶಿಗೆ ಅವರ ಮರದಚ್ಚಿನ ಚಿತ್ರಗಳನ್ನು ನೋಡಿ ಯುರೋಪಿನವರು ಬಳುಕುವ ಗೆರೆ ಕಲಿತರು. ಅದು ಆರ್ಟ್ ನೂವೋ ಎಂಬ ಹೆಸರಿನಲ್ಲಿ ಜಪಾನಿಗೆ ವಾಪಸ್ ಬಂತು. ಚಿತ್ರಕಾರ ಕುರೊದಾ ಸೇಯ್ಕಿ ಪ್ಯಾರಿಸಿನಿಂದ ತಂದದ್ದನ್ನು ನೋಡಿ ಸುಗಿಉರಾ ಹಿಸುಯಿ ಪೇಂಟಿಂಗ್ ಬಿಟ್ಟು ವಿನ್ಯಾಸಕ್ಕೆ ಬಂದರು. ಆಮೇಲೆ ಮಿತ್ಸುಕೋಶಿಯ ಮುಖ್ಯ ವಿನ್ಯಾಸಕಾರರಾದರು. ಮೊಮ್ಮಗು ಅಜ್ಜಿ ಮನೆಗೆ ಬಂದಂತೆ ಆ ಗೆರೆ ಇಲ್ಲಿ ಸಲೀಸಾಗಿ ಓಡಾಡಿಕೊಂಡಿತು.

ಅಚ್ಚಿನ ಕೆಲಸಕ್ಕೆ ಒಂದು ಮಾತು ಹೇಳದಿದ್ದರೆ ಅನ್ಯಾಯ. ಬಣ್ಣದ ಲಿಥೋದಲ್ಲಿ, ಅಂದರೆ ಕಲ್ಲಚ್ಚಿನಲ್ಲಿ, ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು. ಅದರ ಮೇಲೆ ಬೆಳ್ಳಿ, ಚಿನ್ನದ ಹೊಳಪಿನ ಶಾಯಿ. ಬಣ್ಣವೇ ಇಲ್ಲದೆ ಒತ್ತಿ ಎಬ್ಬಿಸಿದ ಉಬ್ಬು. ಹಿಮಕ್ಕೆ, ಕಿಮೊನೊದ ನೇಯ್ಗೆಗೆ ಈ ಉಬ್ಬು ಬಳಸುತ್ತಿದ್ದರು. ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದೆ. ಕಾರ್ಡುಗಳನ್ನು ಸೆಟ್ಟಾಗಿ, ಚಿತ್ರದ ಲಕೋಟೆಯಲ್ಲಿ ಹಾಕಿ ಮಾರುತ್ತಿದ್ದರು. ಆ ಲಕೋಟೆಗಳನ್ನು ಮಾತ್ರ ಜನ ಹೆಚ್ಚಾಗಿ ಎಸೆದುಬಿಟ್ಟರು.

ಸಂಖ್ಯೆಯಲ್ಲಿ ಜಾಸ್ತಿ ಇದ್ದದ್ದು ಫೋಟೋ ಕಾರ್ಡುಗಳು. ದೇವಸ್ಥಾನ, ಸೇತುವೆ, ಗೇಯ್ಶಾ. 1923ರ ಸೆಪ್ಟೆಂಬರ್ 1ರ ಭೂಕಂಪದ ನಂತರ ಟೋಕಿಯೊದ ಅವಶೇಷಗಳ ಕಾರ್ಡುಗಳೂ ಬೀದಿಯಲ್ಲಿ ಮಾರಾಟವಾದವು. ಹೆಣಗಳಿರುವ ಕಾರ್ಡು ಮಾರದಂತೆ ಪೊಲೀಸರು ತಡೆದರು. ಅದು ಬೇರೆಯೇ ಒಂದು ಉಪನ್ಯಾಸದ ವಿಷಯ.

ನನ್ನ ಎಳೆಗೆ ವಾಪಸ್ ಬರುತ್ತೇನೆ. 1918ರಲ್ಲಿ ಗೆರೆ ಇನ್ನೂ ಸರಿಯಿತು. ವಿಳಾಸದ ಮುಖದ ಅರ್ಧ ಭಾಗ ಬರಹಕ್ಕೆ ಸಿಕ್ಕಿತು. ಈಗ ಚಿತ್ರದ ಕಡೆ ಬರೆಯುವ ಅಗತ್ಯವೇ ಇಲ್ಲ. ಕಲಾವಿದ ಅಂಚಿನಿಂದ ಅಂಚಿಗೆ ತುಂಬಬಹುದು. ಕ್ಯೋಟೊದ ಕಲಾವಿದ ಕೊಬಾಯಾಶಿ ಕಾಯಿಚಿಯ ಕಾರ್ಡುಗಳು ಈ ಕಾಲದವು. ಶಿನ್‌ಕ್ಯೊಗೊಕು ಬೀದಿಯ ಸಾಕುರಾಯ್-ಯಾ ಅಂಗಡಿಗಾಗಿ ಬರೆದದ್ದು. ಕಪ್ಪು, ಕೆಂಪು, ಬೆಳ್ಳಿ. ತಲೆ ತಗ್ಗಿಸಿ ಮುಖ ಮುಚ್ಚಿಕೊಂಡ ಹೆಣ್ಣು, ಮೇಣದಬತ್ತಿ, ಶಿಲುಬೆ, ಇಸ್ಪೀಟಿನ ಎಲೆ. ತುಂಬಾ ಚೆಂದ. ಆದರೆ ಇಲ್ಲಿ ನಮಗೆ ಜಾಗ ಇಲ್ಲ. ಎಲ್ಲವನ್ನೂ ಅವರೇ ಹೇಳಿ ಮುಗಿಸಿದ್ದಾರೆ. ಕಳಿಸುವವರು ಹಿಂದೆ ಬರೆಯಬೇಕು, ನೋಡುವವರು ತಿರುಗಿಸಿ ಓದಬೇಕು. ಇದನ್ನು ಕೆಲವರು ಬಿಡುಗಡೆ ಎನ್ನುತ್ತಾರೆ. ನನಗೆ ಅರ್ಧ ನಷ್ಟ ಅನ್ನಿಸುತ್ತದೆ.

ಸಂಗ್ರಹಕಾರರ ಜೊತೆ ನನ್ನ ತಕರಾರೂ ಇದೇ. ಅಮೆರಿಕದ ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂಗೆ ಸಂಗ್ರಹಕಾರ ಲಿಯೊನಾರ್ಡ್ ಲಾಡರ್ ಕೊಟ್ಟ ಜಪಾನೀ ಕಾರ್ಡುಗಳು 20,000ಕ್ಕೂ ಜಾಸ್ತಿ. 2004ರಲ್ಲಿ ಅಲ್ಲಿ ಇವುಗಳ ದೊಡ್ಡ ಪ್ರದರ್ಶನವೂ ಆಯಿತು. ಅದರಿಂದಲೇ ಹೊರಗಿನ ಲೋಕ ಇವನ್ನು ಕಲೆ ಎಂದು ನೋಡತೊಡಗಿತು. ಅದಕ್ಕೆ ಋಣಿಯಾಗಿರಬೇಕು. ಆದರೆ ಮಾರುಕಟ್ಟೆಯಲ್ಲಿ ಬೆಲೆ ಬಾಳುವುದು ಯಾರೂ ಬರೆಯದ, ಮುದ್ರೆ ಬೀಳದ ಕಾರ್ಡು. ಕೈಬರಹ ಇದ್ದರೆ ಕಾರ್ಡು ಕೆಟ್ಟಿದೆ ಎಂದು ಬೆಲೆ ಇಳಿಸುತ್ತಾರೆ. 1907ಕ್ಕೆ ಮುಂಚಿನ ಕಾರ್ಡಿಗೆ ಈ ಅಳತೆಗೋಲು ಹೊಂದುವುದೇ ಇಲ್ಲ. ಬಿಳಿ ಜಾಗದಲ್ಲಿ ಶಾಯಿ ಇಳಿದ ಮೇಲೇ ಅದರ ತೂಕ ಸರಿಹೋಗುವುದು. ಖಾಲಿ ಇದ್ದರೆ ಚಿತ್ರ ಒಂದು ಕಡೆ ವಾಲಿದಂತೆ ಕಾಣುತ್ತದೆ.

ಈಗ ಪರದೆಯ ಮೇಲೆ ಕೆಲವು ಕಾರ್ಡು ಹಾಕುತ್ತೇನೆ. ಮೊದಲು ಹಿಂಬದಿ, ಅಂದರೆ ವಿಳಾಸದ ಮುಖ ತೋರಿಸುತ್ತೇನೆ, ಆಮೇಲೆ ಚಿತ್ರ. ಗೆರೆ ಇಲ್ಲದಿದ್ದರೆ 1907ಕ್ಕೆ ಮುಂಚಿನದು. ಮೂರನೇ ಒಂದು ಭಾಗದಲ್ಲಿ ಇದ್ದರೆ 1907ರಿಂದ 1918. ನಡುಮಧ್ಯೆ ಇದ್ದರೆ ಆಮೇಲಿನದು. ಯಾವುದು ಯಾವ ಕಾಲದ್ದು ಎಂದು ನೀವೇ ಕೂಗಿ ಹೇಳಿ. ಹಿಂದಿನ ಸಾಲಿನವರಿಗೆ ಕಾಣುತ್ತಿದೆಯಾ?