ದಾಳದಲ್ಲಿ 7 ಬಿದ್ದಿದ್ದು ಹೇಗೆ?

(ಪರದೆ ಮೇಲೆ ಒಂದೇ ಸಾಲು: ರ್‍ಯಾಂಡ್‌ಇಂಟ್(1, 7))

ನಮಸ್ಕಾರ. ಕೊಟ್ಟ ಎರಡು ಸಂಖ್ಯೆಗಳ ನಡುವೆ ಯಾವುದೋ ಒಂದು ಪೂರ್ಣಾಂಕ ಆರಿಸಿಕೊಡೋ ಈ ಸಾಲು ದಾಳ ಉರುಳಿಸೋಕೆ ಬರೆದಿದ್ದು ಅಂದ್ಕೊಳ್ಳಿ. ಬರೆದವರು ಲೈಬ್ರರಿಯ (ಮೊದಲೇ ಬರೆದಿಟ್ಟ ಫಂಕ್ಷನ್‌ಗಳ ಕಟ್ಟು) ಕಾಮೆಂಟ್, ಅಂದ್ರೆ ಕೋಡ್ ಜೊತೆಗಿನ ವಿವರಣೆ, ಓದಿಯೇ ಬರೆದಿದ್ದಾರೆ. ಅಲ್ಲಿ 'ಎ ಇಂದ ಬಿ ವರೆಗೆ, ಬಿ ಸೇರಲ್ಲ' ಅಂತಿತ್ತು. ಹಾಗಾಗಿ 6 ಬೇಕಾದಲ್ಲಿ 7 ಕೊಟ್ಟರು. ಆದರೆ ಆ ಲೈಬ್ರರಿ ಒಳಗೆ ಕರೆಯೋದು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನ ರ್‍ಯಾಂಡ್‌ಇಂಟ್ ಅನ್ನು. ಅದು ಎರಡೂ ತುದಿ ಸೇರಿಸಿಕೊಳ್ಳುತ್ತೆ. ಸರಾಸರಿ ಏಳು ಸಲಕ್ಕೆ ಒಂದು ಸಲ 7 ಬಿದ್ದೇ ಬೀಳುತ್ತೆ.

ಈ ತಪ್ಪು ಹುಟ್ಟೋದು ಸುಲಭ. ಪೈಥಾನ್‌ಗೆ ಇರೋ ಗಣಿತದ ಲೈಬ್ರರಿ ನಂಪೈನಲ್ಲೂ ಇದೇ ಹೆಸರಿನ ಫಂಕ್ಷನ್ ಇದೆ, ಅದು ಮೇಲಿನ ತುದಿಯನ್ನ ಬಿಟ್ಟುಬಿಡುತ್ತೆ. ಒಂದರ ವಿವರಣೆ ಇನ್ನೊಂದರ ತಲೆ ಮೇಲೆ ಬಂದು ಕೂತರೆ ಮುಗೀತು.

ದಾಳವಾದರೆ ಬೇಗ ಸಿಕ್ಕಿಬೀಳುತ್ತೆ. 0ಯಿಂದ 99ರವರೆಗೆ ಸ್ಥಾನಗಳಿರುವ ಪಟ್ಟಿಗೆ ಇದೇ ಕಾಮೆಂಟ್ ನಂಬಿ 100 ಕೊಟ್ಟರೆ? 101ರಲ್ಲಿ ಒಂದು ಸಲ ಮಾತ್ರ ಎರರ್. ಟೆಸ್ಟ್ ಇವತ್ತು ಪಾಸ್, ನಾಳೆ ಫೇಲ್, ಮತ್ತೆ ಓಡಿಸಿದರೆ ಪಾಸ್. ಯಾರೂ ಕಾಮೆಂಟ್ ಮೇಲೆ ಅನುಮಾನ ಪಡಲ್ಲ.

(ಪರದೆ: 1 − ರ್‍ಯಾಂಡಮ್())

ಈಗ ನನಗೆ ತುಂಬಾ ಇಷ್ಟವಾದ ಕಾಮೆಂಟ್. ಪೈಥಾನ್‌ನ ಎಕ್ಸ್‌ಪೋವೇರಿಯೇಟ್ ಫಂಕ್ಷನ್ ಒಂದು ಯಾದೃಚ್ಛಿಕ ಸಂಖ್ಯೆಯ ಲಾಗರಿತಮ್ ತೆಗೆಯುತ್ತೆ. ರ್‍ಯಾಂಡಮ್ ಫಂಕ್ಷನ್ ಕೊಡೋದು 0ಯಿಂದ ಶುರುವಾಗಿ 1ಕ್ಕಿಂತ ಕಡಿಮೆ ಇರೋ ದಶಮಾಂಶ ಸಂಖ್ಯೆ; ಅಂದ್ರೆ 0 ಬರಬಹುದು, 1 ಬರಲ್ಲ. ಸೊನ್ನೆಗೆ ಲಾಗ್ ಇಲ್ಲ. ಅದಕ್ಕೇ 1ರಿಂದ ಕಳೆದು ಬಳಸಿದ್ದಾರೆ, ಯಾಕೆ ಅನ್ನೋದನ್ನೂ ಅಲ್ಲೇ ಕಾಮೆಂಟ್‌ನಲ್ಲಿ ಬರೆದಿದ್ದಾರೆ. ಆ ಸೊನ್ನೆ ಬರೋ ಸಾಧ್ಯತೆ 2ರ 53ನೇ ಘಾತದಲ್ಲಿ ಒಂದು. ಇಷ್ಟು ಅಪರೂಪದ್ದನ್ನ ಯಾವ ಟೆಸ್ಟೂ ಹಿಡಿಯಲ್ಲ. ಆ ಕಾಮೆಂಟ್ ಇಲ್ಲದಿದ್ದರೆ, 'ಈ ಕಳೆಯೋದು ಯಾಕೆ, ದಂಡ' ಅಂತ ಯಾರಾದರೂ ಅಳಿಸಿಬಿಡಬಹುದಿತ್ತು.

ಹಾಗಾಗಿ '0 ಮತ್ತು 1ರ ನಡುವೆ' ಅಂತ ಬರೀಬೇಡಿ. '0 ಸೇರಿದೆ, 1 ಸೇರಿಲ್ಲ' ಅಂತ ಬಿಡಿಸಿ ಬರೀರಿ. ಎರಡು ತುದಿಗಳ ನಡುವಿನ ದಶಮಾಂಶ ಸಂಖ್ಯೆ ಕೊಡೋ ಯೂನಿಫಾರ್ಮ್ ಫಂಕ್ಷನ್‌ನಲ್ಲಿ ದಶಮಾಂಶದ ರೌಂಡಿಂಗ್‌ನಿಂದ ಕೊನೆಯ ತುದಿ ಕೆಲವೊಮ್ಮೆ ಬರುತ್ತೆ, ಕೆಲವೊಮ್ಮೆ ಬರಲ್ಲ. ಅದನ್ನೂ ಹಾಗೇ ಬರೀರಿ.

ದಾಳದ ಆ ತಪ್ಪು ಕಾಮೆಂಟ್ ತಿದ್ದೋ ಮುಂಚೆ, ಪೂರ್ಣಾಂಕ ಕೊಡೋ ಆ ಲೈಬ್ರರಿಯ ಫಂಕ್ಷನ್‌ಗೆ 0 ಮತ್ತು 1 ಕೊಟ್ಟು ಸಾವಿರ ಸಲ ಓಡಿಸಿ. ಒಮ್ಮೆ 1 ಬಂದರೂ ಸಾಕು, ತುದಿ ಸೇರಿದೆ ಅಂತ ಖಾತ್ರಿ. ಆಮೇಲೆ ಕಾಮೆಂಟ್ ಮಾತ್ರ ತಿದ್ದಿ, ಫಂಕ್ಷನ್ ಮುಟ್ಟಬೇಡಿ. ಅದರ ಈಗಿನ ನಡವಳಿಕೆ ಮೇಲೆ ಎಷ್ಟೋ ಪ್ರೋಗ್ರಾಂಗಳು ನಿಂತಿರುತ್ತವೆ.

(ಪರದೆ: 7 ಅಳಿಸಿ 6)

ಕೊನೆಗೆ, ಹಳೇ ಕಾಮೆಂಟ್ ನಂಬಿ ಬರೆದ ಸಾಲುಗಳನ್ನ ಒಂದೊಂದಾಗಿ ಹುಡುಕಿ ಸರಿ ಮಾಡಿ.