ಖಾಲಿ ನೀರಿನಲ್ಲಿ ಸಿಕ್ಕ ಕೆಂಪು ಎಳೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 28, ವಿಜ್ಞಾನ ದಿನ ಬಂತೆಂದರೆ ಸರ್ ಸಿ.ವಿ. ರಾಮನ್ ಬಗ್ಗೆ ಮಾತಾಡಿ ಅಂತ ಕರೆ ಬರುತ್ತದೆ. 1921ರ ಹಡಗು, ಮೆಡಿಟರೇನಿಯನ್ ಸಮುದ್ರದ ನೀಲಿ, ಇವೆಲ್ಲ ನಿಮಗೆ ಬಾಯಿಪಾಠ. ಹಾಗಾಗಿ ಅದನ್ನು ಬಿಡುತ್ತೇನೆ. ಇವತ್ತು ಆ ಸಮುದ್ರದಲ್ಲಿ ತೇಲುವ ಪ್ಲಾಸ್ಟಿಕ್ ಚೂರುಗಳನ್ನು ಗುರುತು ಹಿಡಿಯುವುದಕ್ಕೂ ಅವರ ಬೆಳಕೇ ಬೇಕಾಗಿದೆ. ನನ್ನ ಮಾತು ಅಲ್ಲಿಂದ ಶುರು.

5 ಮಿಲಿಮೀಟರ್‌ಗಿಂತ ಚಿಕ್ಕ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತೇವೆ. ಆದರೆ ಕೂದಲಿಗಿಂತ ಸಣ್ಣದಾದರೆ ಮರಳು, ಚಿಪ್ಪು, ಹತ್ತಿ ಎಳೆ, ಪ್ಲಾಸ್ಟಿಕ್ ಯಾವುದು ಅಂತ ಕಣ್ಣಿಗೆ ತಿಳಿಯುವುದಿಲ್ಲ. ಆಗ ಲೇಸರ್ ಬಿಡುತ್ತೇವೆ. ಚದುರಿದ ಬೆಳಕೆಲ್ಲ ಹೆಚ್ಚುಕಡಿಮೆ ಅದೇ ಬಣ್ಣದಲ್ಲಿ ವಾಪಸ್ ಬರುತ್ತದೆ. ಕೋಟಿಗೊಂದು ಫೋಟಾನ್ ಮಾತ್ರ ಅಣುವಿನ ನಡುಕ ತಾಗಿಸಿಕೊಂಡು ಬೇರೆ ಬಣ್ಣವಾಗಿ ಬರುತ್ತದೆ. ನಮಗೆ ಬೇಕಾದ್ದು ಆ ಒಂದೇ, ಅದೇ ರಾಮನ್ ಬೆಳಕು. ಬಣ್ಣ ಎಷ್ಟು ಬದಲಾಯಿತು ಅಂತ 'ಪ್ರತಿ ಸೆಂಟಿಮೀಟರ್' ಅನ್ನುವ ಅಳತೆಯಲ್ಲಿ ಗ್ರಾಫ್ ಹಾಕಿದರೆ ಒಂದೊಂದು ವಸ್ತುವಿಗೂ ಅದರದೇ ಶಿಖರಗಳು. ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್ ಆದರೆ ಗ್ರಾಫಿನಲ್ಲಿ 1000ದ ಆಸುಪಾಸು ಚೂಪಾದ ಒಂದು ಶಿಖರ ಏಳುತ್ತದೆ. ಇದೇ ಕೆಲಸ ಮಾಡುವ ಇನ್‌ಫ್ರಾರೆಡ್ ವಿಧಾನ ಸುಮಾರು 10-20 ಮೈಕ್ರೋಮೀಟರ್‌ಗೆ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೋಮೀಟರ್) ಸುಸ್ತಾಗುತ್ತದೆ. ರಾಮನ್ 1 ಮೈಕ್ರೋಮೀಟರ್‌ವರೆಗೂ ಇಳಿಯುತ್ತದೆ, ನೀರಿದ್ದರೂ ಅಷ್ಟು ತಕರಾರಿಲ್ಲ.

ಈಗ ನನ್ನ ಕಥೆ. ನಾನು ಈ ಕೆಲಸಕ್ಕೆ ಹೊಸಬಳು. ಸಮುದ್ರದ ನೀರು ಸೋಸುವ ಮೊದಲು ಶುದ್ಧ ನೀರನ್ನೇ ಸೋಸಿ ನೋಡಬೇಕು. ಅದಕ್ಕೆ ನಾವು ಖಾಲಿ ಸ್ಯಾಂಪಲ್ ಅನ್ನುತ್ತೇವೆ. ನೋಡಿದರೆ ಅದರಲ್ಲೇ ಕೆಂಪು ಎಳೆಗಳು! ಫಿಲ್ಟರ್ ಬದಲಿಸಿದೆ. ಗಾಜಿನ ಬಾಟಲಿ ತೊಳೆದೆ. ಮತ್ತೆ ಕೆಂಪು. ಎರಡು ದಿನ ನೀರಿನ ಯಂತ್ರವನ್ನು ಬೈದೆ. ಮೂರನೇ ದಿನ ಲ್ಯಾಬಿನ ಅಣ್ಣ ಮೆಲ್ಲಗೆ ಹೇಳಿದರು, "ಮೇಡಂ, ನಿಮ್ಮ ವೇಲ್ ಕೆಂಪಲ್ವಾ?"

ಅಮ್ಮ ಕೊಡಿಸಿದ ವೇಲ್ ಅದು. ಅಪ್ಪಟ ರೇಷ್ಮೆ ಅಂತ ಅಂಗಡಿಯವರು ಆಣೆ ಇಟ್ಟಿದ್ದರು. ಒಂದು ಎಳೆ ಕಿತ್ತು ಲೇಸರ್ ಕೆಳಗಿಟ್ಟೆ. 1615ರಲ್ಲಿ ಒಂದು ಶಿಖರ, 1726ರಲ್ಲಿ ಇನ್ನೊಂದು. ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್! ಅಮ್ಮನಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಅವತ್ತಿನಿಂದ ಯಾರೇ ಲೀಟರಿಗೆ ಇಷ್ಟು ಕಣ ಅಂದರೂ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಖಾಲಿ ಸ್ಯಾಂಪಲ್‌ನಲ್ಲಿ ಎಷ್ಟಿತ್ತು?

ಗ್ರಾಫಿಗೂ ಮೋಸ ಆಗುತ್ತದೆ. ಕೈಗವಸಿನ ಮೇಲೆ ಸ್ಟಿಯರೇಟ್ ಅನ್ನುವ ಸಾಬೂನಿನ ಜಾತಿಯ ವಸ್ತು ಇರುತ್ತದೆ. ಅದರ ಇಂಗಾಲದ ಉದ್ದ ಸರಪಳಿ ಗ್ರಾಫಿನಲ್ಲಿ ಪಾಲಿಎಥಿಲೀನ್, ಅಂದರೆ ಕವರಿನ ಪ್ಲಾಸ್ಟಿಕ್ ಥರವೇ ಕಾಣುತ್ತದೆ. ಕೊಳೆಯಾಗದಿರಲಿ ಅಂತ ಗವಸು ಹಾಕಿದರೆ, ಗವಸೇ ಪ್ಲಾಸ್ಟಿಕ್ ಲೆಕ್ಕಕ್ಕೆ ಬಂದು ಕೂರುತ್ತದೆ. ಇದನ್ನು ಹಿಡಿಯುವುದೂ ಅದೇ ಖಾಲಿ ಸ್ಯಾಂಪಲ್. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಚೀಟಿ ಬಂತು, ಐದೇ ನಿಮಿಷ ಅಂತೆ. ಪಾಚಿ, ಮಣ್ಣಿನ ಕೊಳೆತ ಜೈವಿಕ ಅಂಶ ಇದ್ದರೆ ಅವು ತಾವೇ ಹೊಳೆದು ರಾಮನ್ ಬೆಳಕನ್ನು ಮುಳುಗಿಸುತ್ತವೆ. ಅದಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕರಗಿಸುತ್ತೇವೆ. ಉಪ್ಪುನೀರಿನಲ್ಲಿ ತೇಲಿಸಿ ಬೇರೆ ಮಾಡುವುದು, ಬಣ್ಣಗಳ ಕಾಟ, ಇವಕ್ಕೆಲ್ಲ ಸ್ಲೈಡ್ ಇತ್ತು, ಬಿಡಿ. ಒಂದು ಸುದ್ದಿ ಮಾತ್ರ. 2024ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಎರಡು ಲೇಸರ್ ಜೋಡಿಸುವ ರಾಮನ್ ವಿಧಾನದಲ್ಲಿ ಬಾಟಲಿ ನೀರು ನೋಡಿದರು. ಲೀಟರಿಗೆ ಸರಾಸರಿ 2.4 ಲಕ್ಷ ಕಣ ಎಣಿಸಿದರು. ನೂರಕ್ಕೆ ಸುಮಾರು 90 ಪಾಲು 1 ಮೈಕ್ರೋಮೀಟರ್‌ಗಿಂತಲೂ ಚಿಕ್ಕ ನ್ಯಾನೋಪ್ಲಾಸ್ಟಿಕ್.

ಯಂತ್ರ ನೋಡಬೇಕು ಅನ್ನುವವರು ಸೋಮವಾರ ಲ್ಯಾಬಿಗೆ ಬನ್ನಿ. ದಯವಿಟ್ಟು ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ.