ಅಚ್ಚಿಗೆ ಮಳೆಗಾಲ, ಎರಕಕ್ಕೆ ಬೇಸಿಗೆ

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಂದಿನ ಮಾತು ರೆಸಿನ್ ಎರಕಕ್ಕೆ, ಅಂದರೆ ಗಟ್ಟಿಯಾಗಿ ಪ್ಲಾಸ್ಟಿಕ್‌ನಂತಾಗುವ ದ್ರವವನ್ನು ಹೊಯ್ದು ವಸ್ತು ಮಾಡುವುದಕ್ಕೆ, ಬೇಕಾದ ಅಚ್ಚಿನ ಬಗ್ಗೆ. ಮಾತು ಆರಂಭಿಸುವ ಮೊದಲು ಒಂದು ಸಣ್ಣ ಕೆಲಸ ಮುಗಿಸಿಬಿಡುತ್ತೇನೆ. ಮೇಜಿನ ಮೇಲಿರುವುದು ಕೊಕ್ಕೆತಾತಿಯ, ಅಂದರೆ ಕೊಡವ ಹೆಂಗಸರು ತೊಡುವ, ಹಾವಿನ ಹೆಡೆಯುಳ್ಳ ಅರ್ಧಚಂದ್ರದಂಥ ಒಡವೆಯ, ಆಕಾರದ ಒಂದು ಪದಕ. ಅಸಲಿಯಲ್ಲ, ಹಿತ್ತಾಳೆಗೆ ಚಿನ್ನದ ನೀರು ಕೊಟ್ಟದ್ದು. ಮನೆತನದ ಒಡವೆಯನ್ನು ಇಂಥ ಪ್ರಯೋಗಕ್ಕೆ ಯಾರೂ ತರಬಾರದು. ಇದಕ್ಕೆ ನಿನ್ನೆಯೇ ವಾರ್ನಿಷ್ ಬಳಿದು ಒಣಗಿಸಿ, ಈಗ ವ್ಯಾಸಲೀನಿನ ತೆಳುವಾದ ಪೊರೆ ಹಚ್ಚಿದ್ದೇನೆ. ಈ ಬಟ್ಟಲಿನಲ್ಲಿ, ಕಿಟಕಿ ಗಾಜಿನ ಸಂದು ಮುಚ್ಚಲು ಬಳಸುವ ಸಿಲಿಕೋನ್ ಸೀಲಂಟ್ ಮತ್ತು ಅಷ್ಟೇ ಅಳತೆಯ ಕಾರ್ನ್‌ಫ್ಲೋರ್ ಇವೆ. ಎರಡನ್ನೂ ಅಕ್ಕಿರೊಟ್ಟಿಯ ಹಿಟ್ಟಿನ ಹದಕ್ಕೆ ನಾದಿ, ಮೊದಲು ಒಂದು ಚೂರನ್ನು ಬೆರಳ ತುದಿಯಿಂದ ಅಂಚಿನ ಮುತ್ತುಗಳ ಸಂದಿಗೆ ಒತ್ತಿ, ಉಳಿದದ್ದನ್ನು ಅದರ ಮೇಲೆ ಬೆರಳಿನಷ್ಟು ದಪ್ಪಕ್ಕೆ ಹೊದಿಸಿ ಇಡುತ್ತಿದ್ದೇನೆ. ವಿನೆಗರಿನಂಥ ಘಾಟು ಮುಂದಿನ ಸಾಲಿನವರಿಗೆ ಬಡಿದಿರಬಹುದು. ಕಿಟಕಿ ತೆರೆದಿಟ್ಟಿದ್ದು ಅದಕ್ಕಾಗಿಯೇ. ನನ್ನ ಮಾತು ಮುಗಿಯುವ ಹೊತ್ತಿಗೆ ಇದನ್ನು ಬಿಡಿಸಿ ನೋಡೋಣ.

ಅಚ್ಚು ಎಂಬುದು ನಮಗೆ ಹೊಸ ಸಂಗತಿಯಲ್ಲ. ಅಚ್ಚುಬೆಲ್ಲ ಎನ್ನುವಾಗ ಆ ಪದ ನಾಲಿಗೆಯ ಮೇಲೆಯೇ ಇರುತ್ತದೆ. ಸಂಕ್ರಾಂತಿಗೆ ಮೈಸೂರು ಸೀಮೆಯ ಮನೆಗಳಲ್ಲಿ ಸಕ್ಕರೆ ಅಚ್ಚು ಹೊಯ್ಯುವುದನ್ನು ನೋಡಿದವರಿಗೆ ಈ ವಿದ್ಯೆಯ ಅರ್ಧ ಪಾಠ ಆಗಲೇ ಆಗಿರುತ್ತದೆ: ಮರದ ಅಚ್ಚಿನ ಎರಡು ಹೋಳುಗಳನ್ನು ನೀರಿನಲ್ಲಿ ನೆನೆಸುತ್ತಾರೆ, ಜೋಡಿಸಿ ಬಿಗಿಯಾಗಿ ಕಟ್ಟುತ್ತಾರೆ, ಬಾಯಿಯಿಂದ ಪಾಕ ಹೊಯ್ಯುತ್ತಾರೆ, ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ನೆನೆಸುವುದು ಪಾಕ ಮರಕ್ಕೆ ಅಂಟದಿರಲೆಂದು. ಎರಡು ಹೋಳು ಮಾಡಿರುವುದು ಒಳಗಿನ ಆನೆಯೋ ಗೋಪುರವೋ ಮುರಿಯದೆ ಹೊರಬರಲೆಂದು. ರೆಸಿನ್ ಎರಕದಲ್ಲಿಯೂ ನಾವು ಬಿಡಿಸಬೇಕಾದ ತೊಡಕುಗಳು ಈ ಎರಡೇ, ಅಂಟದಿರುವುದು ಮತ್ತು ಸಿಕ್ಕಿಕೊಳ್ಳದಿರುವುದು.

ರೆಸಿನ್ ಕೆಲಸ ಕಲಿಯಲು ಬರುವವರು ಬಣ್ಣ, ಮಿನುಗು, ಒಣಹೂಗಳ ಬಗ್ಗೆ ಕೇಳುವಷ್ಟು ಅಚ್ಚಿನ ಬಗ್ಗೆ ಕೇಳುವುದಿಲ್ಲ. ರೆಸಿನ್‌ಗೆ ಸ್ವಂತ ರೂಪವೆಂಬುದಿಲ್ಲ, ಅಚ್ಚು ಹೇಳಿದ್ದನ್ನು ಅದು ಚಾಚೂ ತಪ್ಪದೆ ಒಪ್ಪಿಸುತ್ತದೆ. ಮೂಲವಸ್ತುವಿನ ಮೇಲೆ ನಿಮ್ಮ ಹೆಬ್ಬೆರಳಿನ ಗುರುತು ಉಳಿದಿದ್ದರೆ ಅದರಿಂದ ತೆಗೆದ ಪ್ರತಿಯೊಂದು ಎರಕದಲ್ಲಿಯೂ ಅದೇ ಹೆಬ್ಬೆರಳು ಕಾಣುತ್ತದೆ. ಮೂಲವಸ್ತು ಹೊಳೆಯುತ್ತಿದ್ದರೆ ಎರಕವೂ ಹೊಳೆಯುತ್ತದೆ, ಮಂಕಾಗಿದ್ದರೆ ಎರಕವೂ ಮಂಕೇ. ಎರಕವನ್ನು ಗಂಟೆಗಟ್ಟಲೆ ಉಜ್ಜಿ ಹೊಳಪು ಬರಿಸುವ ಬದಲು ಮೂಲವಸ್ತುವನ್ನು ಒಮ್ಮೆ ನುಣುಪುಗೊಳಿಸುವುದೇ ಜಾಣತನ.

ಅಚ್ಚಿಗೆಂದು ಹಣ ಸುರಿಯುವ ಮೊದಲು ಮನೆಯಲ್ಲಿರುವುದನ್ನು ನೋಡಿ. ಎಪಾಕ್ಸಿ ರೆಸಿನ್ ಪಾಲಿಪ್ರೊಪಿಲೀನ್ ಮತ್ತು ಪಾಲಿಥೀನ್‌ಗೆ ಅಂಟುವುದಿಲ್ಲ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿಯಿದ್ದರೆ ಅದು ಪಾಲಿಪ್ರೊಪಿಲೀನ್, ನೇರವಾಗಿ ಅಚ್ಚಾಗಬಲ್ಲದು. ಟ್ರೇ ಅಥವಾ ಗಡಿಯಾರದ ಹಲಗೆಯಂಥ ದೊಡ್ಡ ಚಪ್ಪಟೆ ವಸ್ತುಗಳಿಗೆ ಪ್ಲೈವುಡ್ ಪೆಟ್ಟಿಗೆ ಮಾಡಿ, ಒಳಮೈಗೆ ರಟ್ಟಿನ ಡಬ್ಬ ಕಟ್ಟುವ ಕಂದು ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿ, ಮೂಲೆಗಳನ್ನು ಬಿಸಿ ಅಂಟಿನಿಂದ ಮುಚ್ಚಿದರೆ ಸಾಕು. ಆದರೆ ಟೇಪಿನ ಒಂದೊಂದು ಸುಕ್ಕೂ ಎರಕದಲ್ಲಿ ಗೆರೆಯಾಗಿ ನಿಲ್ಲುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಗ್ಗವೇನೋ ಹೌದು, ಆದರೆ ಅದರ ಸೂಕ್ಷ್ಮ ರಂಧ್ರಗಳು ರೆಸಿನ್ ಹೀರುತ್ತವೆ, ಅರಗಿನ ಪಾಲಿಷ್ ಬಳಿದು ಮೇಣ ಹಚ್ಚಿದರೂ ಗಡಸು ಅಚ್ಚಿನಿಂದ ಗಡಸು ವಸ್ತುವನ್ನು ಬಿಡಿಸುವುದು ಜಗಳದ ಕೆಲಸ. ನಾನು ಅದನ್ನು ಬಿಟ್ಟು ಬಹಳ ಕಾಲವಾಯಿತು.

ಇನ್ನು ಬಟ್ಟಲಿನಲ್ಲಿ ನಾದಿದ ಆ ಹಿಟ್ಟಿಗೆ ಬರೋಣ. ವಿನೆಗರ್ ವಾಸನೆಯ ಸೀಲಂಟ್ ಗಟ್ಟಿಯಾಗುವುದು ಗಾಳಿಯ ತೇವಾಂಶದಿಂದ. ತೇವ ಮೇಲ್ಮೈಯಿಂದ ಒಳಕ್ಕೆ ಇಳಿಯಬೇಕಾದ್ದರಿಂದ ಬರಿಯ ಸೀಲಂಟ್ ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳದಷ್ಟೇ ಗಟ್ಟಿಯಾಗುತ್ತದೆ. ದಪ್ಪ ಅಚ್ಚು ಮಾಡಿದರೆ ಹೊರಗೆ ತೊಗಲು ಕಟ್ಟಿ ಒಳಗೆ ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಕಾರ್ನ್‌ಫ್ಲೋರ್ ತನ್ನಲ್ಲಿರುವ ತೇವವನ್ನು ಒಳಗಿನವರೆಗೂ ಒಯ್ಯುವುದರಿಂದ ಅರ್ಧ ಮುಕ್ಕಾಲು ಗಂಟೆಯಲ್ಲಿ ಇಡೀ ಮುದ್ದೆ ರಬ್ಬರಿನಂತಾಗುತ್ತದೆ. ಹಿಟ್ಟು ಹೆಚ್ಚಾದರೆ ಬೇಗ ಗಟ್ಟಿಯಾದರೂ ಅಚ್ಚು ಪೆಡಸಾಗಿ ಸೀಳಿಹೋಗುತ್ತದೆ. ಕಡಿಮೆಯಾದರೆ ಕೈಗೆ ಅಂಟುತ್ತದೆ. ಸಮಸಮ ಅಳತೆಯಿಂದ ಆರಂಭಿಸಿ ನಿಮ್ಮ ಕೈಹದ ಕಂಡುಕೊಳ್ಳಿ. ಹೀಗೆ ಗಟ್ಟಿಯಾಗುವಾಗ ಹೊರಬರುವುದು ಅಸಿಟಿಕ್ ಆಮ್ಲ, ಅದು ಹಿತ್ತಾಳೆಯನ್ನೂ ತಾಮ್ರವನ್ನೂ ತಿನ್ನುತ್ತದೆ. ಈ ಪದಕಕ್ಕೆ ವಾರ್ನಿಷ್ ಬಳಿದದ್ದು ಅದಕ್ಕೇ. ಹಳೆಯ ಹಿತ್ತಾಳೆ ದೀಪದ ಅಲಂಕಾರದ ಅಚ್ಚು ತೆಗೆಯಬೇಕೆನ್ನುವವರು ಇದನ್ನು ಮರೆಯಬಾರದು.

ಹೊಯ್ಯುವ ಸಿಲಿಕೋನ್ ಇದಕ್ಕಿಂತ ದುಬಾರಿ, ಆದರೆ ಎಲೆಯ ನರವನ್ನೂ ಬಿಡದೆ ಹಿಡಿಯುತ್ತದೆ. ಅದರಲ್ಲಿ ಎರಡು ಜಾತಿ: ತವರದ ಸಂಯುಕ್ತದಿಂದ ಗಟ್ಟಿಯಾಗುವುದು, ಪ್ಲಾಟಿನಂನಿಂದ ಗಟ್ಟಿಯಾಗುವುದು. ತವರದ್ದು ಅಗ್ಗ ಮತ್ತು ಸಹನಶೀಲ, ಆದರೆ ಕಾಲಕ್ರಮೇಣ ತುಸು ಕುಗ್ಗುತ್ತದೆ. ಪ್ಲಾಟಿನಂನದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಬಾಳಿಕೆಯೂ ಹೆಚ್ಚು. ಆದರೆ ಬಲು ಮಡಿವಂತ. ಗಂಧಕದ ಸೋಂಕು ತಗುಲಿದರೆ ಗಟ್ಟಿಯಾಗಲು ಒಪ್ಪುವುದಿಲ್ಲ. ಮೊದಲ ಸಲ ಪ್ಲಾಟಿನಂ ಸಿಲಿಕೋನ್ ತರಿಸಿಕೊಂಡಾಗ ನಾನು ಲ್ಯಾಟೆಕ್ಸ್ ಕೈಗವಸು ಹಾಕಿಕೊಂಡು, ಮರದ ಮೇಲೆ ಕೆತ್ತಿದ ಒಂದು ಕಾಫಿ ಎಲೆಯನ್ನು ಚೆನ್ನಾಗಿ ಸವರಿ ಒರೆಸಿ, ಅದರ ಮೇಲೆ ಹೊಯ್ದೆ. ಮರುದಿನ ಅಚ್ಚಿನ ಬೆನ್ನು ಗಟ್ಟಿಯಾಗಿತ್ತು, ಎಲೆಗೆ ತಾಗಿದ ಮುಖ ಮಾತ್ರ ಹಲಸಿನ ಮೇಣದಂತೆ ಅಂಟುತ್ತಿತ್ತು. ಕೈಗವಸಿನ ರಬ್ಬರಿನಲ್ಲಿದ್ದ ಗಂಧಕ ಕೆತ್ತನೆಯ ಮೇಲೆ ಉಳಿದಿತ್ತು. ಸಿಲಿಕೋನೂ ಹೋಯಿತು, ಕೆತ್ತನೆಯ ಗೆರೆಗಳಿಂದ ಆ ಅಂಟನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಲು ಒಂದು ಭಾನುವಾರವೂ ಹೋಯಿತು. ಅಂದಿನಿಂದ ನೈಟ್ರೈಲ್ ಕೈಗವಸು ಮಾತ್ರ. ಮಕ್ಕಳು ಆಡುವ ಬಣ್ಣದ ಜೇಡಿಯಲ್ಲಿಯೂ ಕೆಲವೊಮ್ಮೆ ಗಂಧಕ ಇರುವುದರಿಂದ, ಮೂಲವಸ್ತುವಿನ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ ಮುಂದುವರಿಯುವುದು ಒಳ್ಳೆಯದು.

ಎಷ್ಟು ಸಿಲಿಕೋನ್ ಬೇಕೆಂಬ ಲೆಕ್ಕಕ್ಕೆ ಅಡುಗೆಮನೆಯ ಉಪಾಯ ಸಾಕು. ಮೂಲವಸ್ತುವನ್ನು ಪೆಟ್ಟಿಗೆಯಲ್ಲಿಟ್ಟು ಅದರ ಮೇಲೆ ಒಂದು ಸೆಂಟಿಮೀಟರ್ ನಿಲ್ಲುವಂತೆ ರಾಗಿ ತುಂಬಿ, ಆ ರಾಗಿಯನ್ನು ಅಳತೆಯ ಲೋಟಕ್ಕೆ ಸುರಿದರೆ ಬೇಕಾದ ಪ್ರಮಾಣ ಗೊತ್ತಾಗುತ್ತದೆ. ಆಮೇಲೆ ಧೂಳನ್ನು ಪೂರ್ತಿ ಒರೆಸಬೇಕು, ಇಲ್ಲವಾದರೆ ಅಚ್ಚಿನಲ್ಲಿ ಒಂದೆರಡು ರಾಗಿ ಕಾಳಿನ ಗುಳಿ ಖಾಯಂ ಆಗುತ್ತವೆ. ಹೊಯ್ಯುವಾಗ ಪೆಟ್ಟಿಗೆಯ ಒಂದೇ ಮೂಲೆಗೆ, ಒಂದಡಿ ಎತ್ತರದಿಂದ, ದಾರದಷ್ಟು ಸಣ್ಣ ಧಾರೆಯಾಗಿ ಇಳಿಸಬೇಕು. ಧಾರೆ ತೆಳುವಾಗಿ ಎಳೆದುಕೊಳ್ಳುವಾಗ ಗಾಳಿಗುಳ್ಳೆಗಳು ಅಲ್ಲೇ ಒಡೆಯುತ್ತವೆ, ಸಿಲಿಕೋನ್ ತಾನಾಗಿ ಹರಿದು ವಸ್ತುವನ್ನು ಮುಳುಗಿಸುತ್ತದೆ. ಸುತ್ತಲೂ ರೂಪವಿರುವ ವಸ್ತುವಾದರೆ ಸಕ್ಕರೆ ಅಚ್ಚಿನಂತೆ ಎರಡು ಹೋಳು ಬೇಕು: ವಸ್ತುವಿನ ಅರ್ಧವನ್ನು ಗಂಧಕವಿಲ್ಲದ ಜೇಡಿಯಲ್ಲಿ ಹುದುಗಿಸಿ, ಸುತ್ತ ಗೋಲಿಯಿಂದ ಒತ್ತಿ ನಾಲ್ಕು ಗುಳಿ ಮಾಡಿ, ಮೊದಲ ಹೋಳು ಹೊಯ್ಯಿರಿ, ಆ ಗುಳಿಗಳಲ್ಲಿ ಮೂಡುವ ಗುಬುಟುಗಳೇ ಮುಂದೆ ಎರಡು ಹೋಳುಗಳನ್ನು ಜಾರದಂತೆ ಹಿಡಿಯುತ್ತವೆ. ಗಟ್ಟಿಯಾದ ಮೇಲೆ ತಿರುಗಿಸಿ, ಜೇಡಿ ತೆಗೆದು, ಸಿಲಿಕೋನಿನ ಮೇಲೆಲ್ಲ ವ್ಯಾಸಲೀನ್ ಸವರಿ ಎರಡನೆಯ ಹೋಳು ಹೊಯ್ಯಬೇಕು. ಸವರಲು ಮರೆತರೆ ಎರಡೂ ಒಂದಾಗಿ ನಿಮ್ಮ ವಸ್ತು ಸಿಲಿಕೋನ್ ಇಟ್ಟಿಗೆಯೊಳಗೆ ಸಮಾಧಿಯಾಗುತ್ತದೆ, ಏಕೆಂದರೆ ಸಿಲಿಕೋನ್ ಬೇರೆ ಯಾವುದಕ್ಕೂ ಸುಲಭವಾಗಿ ಅಂಟದಿದ್ದರೂ ತನಗೆ ತಾನು ಅಂಟುತ್ತದೆ. ಗಾಜಿಗೂ ಅದು ಅಂಟುವುದರಿಂದ ಅಲ್ಲಿಯೂ ಅದೇ ಎಚ್ಚರ ಬೇಕು.

ಈವರೆಗೆ ಹೇಳಿದ್ದು ಯಾವ ಊರಿಗಾದರೂ ಸಲ್ಲುವ ಮಾತು. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುವ ಮಡಿಕೇರಿಯಲ್ಲಿ ನಿಂತು ಹೇಳಬೇಕಾದದ್ದು ಬೇರೆಯೇ ಇದೆ. ರೆಸಿನ್ ಬಾಟಲಿಯ ಮೇಲಿನ ಸೂಚನೆಗಳು ಸಾಮಾನ್ಯವಾಗಿ 25 ಡಿಗ್ರಿ ಆಸುಪಾಸಿನ ಒಣ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನ ಜಡಿಮಳೆಯಲ್ಲಿ, ನಮ್ಮ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಬರುವಾಗ ಅಂಥ ಕೋಣೆ ಎಲ್ಲಿಂದ ತರುವುದು? ಆ ತೇವದಲ್ಲಿ, ಎಪಾಕ್ಸಿಯನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡನರ್ ಗಾಳಿಯ ನೀರಿನಂಶ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಮೇಲ್ಮೈಯಲ್ಲಿ ಜಿಡ್ಡಿನಂಥ ಬಿಳಿ ಪೊರೆ ಕಟ್ಟುತ್ತದೆ. ಚಳಿಗೆ ರೆಸಿನ್ ಮಂದವಾಗಿ ಗುಳ್ಳೆಗಳು ಮೇಲೇಳದೆ ಅಲ್ಲೇ ಉಳಿಯುತ್ತವೆ. ಪಾಲಿಯುರೆಥೇನ್ ರೆಸಿನ್ ಆದರೆ ನೀರು ತಗುಲಿದೊಡನೆ ಅನಿಲ ಬಿಟ್ಟು ನೊರೆಯಾಗಿ ಉಬ್ಬುತ್ತದೆ. ಇತ್ತ ಸೀಲಂಟಿಗೆ ಅದೇ ತೇವ ಅನ್ನವಿದ್ದಂತೆ. ತವರದ ಸಿಲಿಕೋನಿಗೂ ಒಣ ಹವೆಗಿಂತ ತೇವದ ಹವೆಯೇ ಹಿತ. ಆದ್ದರಿಂದ ನಾನು ವರ್ಷದ ಕೆಲಸವನ್ನು ಎರಡಾಗಿ ಹಂಚಿಕೊಂಡಿದ್ದೇನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆತ್ತುವುದು, ಉಜ್ಜುವುದು, ಅಚ್ಚು ತೆಗೆಯುವುದು, ಡಿಸೆಂಬರ್ ಕಳೆದ ಮೇಲೆ ಎರಕ. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಬಿದ್ದು ಕಾಫಿ ಹೂ ಅರಳುವ ಹೊತ್ತಿಗೆ ಅಚ್ಚುಗಳು ಸಿದ್ಧವಾಗಿರುವುದರಿಂದ, ಒಣಗಿಸಿದ ಹೂವನ್ನು ಅದು ಕಂದುವ ಮೊದಲೇ ರೆಸಿನ್ನಿಗೆ ಸೇರಿಸಲು ಸಾಧ್ಯವಾಗುತ್ತದೆ. ಒಂದೇ ತೊಡಕು, ಮರದ ಮೂಲವಸ್ತುಗಳು ಮಳೆಗಾಲದಲ್ಲಿ ಉಬ್ಬುತ್ತವೆ. ಕೆತ್ತನೆ ಮುಗಿದ ದಿನವೇ ವಾರ್ನಿಷ್ ಬಳಿದು ಮುಚ್ಚಬೇಕು.

ಅಚ್ಚಿನ ಆಳದ ಬಗ್ಗೆಯೂ ಒಂದು ಮಾತು. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಸಿಲಿಕೋನ್ ಗೋಡೆ ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಆಳವಾದ ಅಚ್ಚಿಗೆ ಒಮ್ಮೆಗೇ ತುಂಬಿದರೆ ಎರಕ ಹಳದಿಯಾಗಬಹುದು, ಬಿರುಕು ಬಿಡಬಹುದು, ಅಚ್ಚೂ ಬೇಗ ಸವೆಯುತ್ತದೆ. ಬಾಟಲಿಯ ಮೇಲೆ ಹೇಳಿದ ದಪ್ಪಕ್ಕಿಂತ ಹೆಚ್ಚು ಬೇಕಿದ್ದರೆ ಪದರ ಪದರವಾಗಿ ಹೊಯ್ಯಿರಿ. ಹಸಿ ರೆಸಿನ್ ಚರ್ಮಕ್ಕೆ ತಾಗುತ್ತ ಹೋದರೆ ಒಂದು ದಿನ ಅಲರ್ಜಿ ಶುರುವಾಗಿ, ಆಮೇಲೆ ಈ ಕೆಲಸವನ್ನೇ ಬಿಡಬೇಕಾಗಬಹುದು. ಉಜ್ಜುವಾಗ ಏಳುವ ಧೂಳಿಗೆ ಮಾಸ್ಕ್ ಬೇಕು. ಒಮ್ಮೆ ರೆಸಿನ್ ಕಂಡ ಚಾಕೊಲೇಟ್ ಅಚ್ಚು ಮತ್ತೆ ಅಡುಗೆಮನೆಗೆ ಹೋಗಕೂಡದು.

ಮುಕ್ಕಾಲು ಗಂಟೆಯಾಯಿತು, ಪದಕವನ್ನು ಬಿಡಿಸೋಣ. ಅಂಚಿನಲ್ಲಿ ಉಗುರು ಒತ್ತಿದರೆ ಗುರುತು ಉಳಿಯುತ್ತಿಲ್ಲ, ಅಂದರೆ ಗಟ್ಟಿಯಾಗಿದೆ. ಬೆನ್ನಿನಿಂದ ಮೆಲ್ಲಗೆ ಮಡಿಸುತ್ತ ಬರುತ್ತೇನೆ... ಹಾವಿನ ಹೆಡೆ ಸರಿಯಾಗಿ ಮೂಡಿದೆ. ಬಾಗಿದ ಅಂಚಿನ ಮುತ್ತುಗಳನ್ನು ಎಣಿಸಿ ನೋಡಿ: ಎಡಬದಿಯಲ್ಲಿ ಮೂರು ಮುತ್ತುಗಳ ಜಾಗ ಒಂದೇ ಗುಳಿಯಾಗಿದೆ. ನಿಮ್ಮೊಡನೆ ಮಾತಾಡುತ್ತ ಅಲ್ಲಿ ಬೆರಳು ಸಾಕಷ್ಟು ಒತ್ತಲಿಲ್ಲ, ಗಾಳಿ ಉಳಿಯಿತು. ಈ ಅಚ್ಚನ್ನು ತಿದ್ದಲು ಬರುವುದಿಲ್ಲ. ಬೆರೆಸದ ಸೀಲಂಟ್ ಇನ್ನೂ ಇದೆ, ಹಿಟ್ಟೂ ಇದೆ. ಈ ಸಲ ನಿಮ್ಮಲ್ಲಿ ಯಾರಾದರೂ ಮುಂದೆ ಬಂದು ನಾದಿ, ಮುತ್ತುಗಳಿಂದಲೇ ಆರಂಭಿಸಿ.